ಹಗ್ಗದ ಆಚೆ ತುದಿ

ಗುಡ್ನಾಪುರ
೮-೧೦-೨೦೦೩

ಭೂಮಿಕಕ್ಕನಿಗೆ ನಮಸ್ಕಾರ.

ಅವ್ವ ತೀರಿಕೊಂಡದ್ದರಿಂದ ಈ ವರ್ಷ ನಮಗೆ ದೀಪಾವಳಿ ಇಲ್ಲ. ಆದರೆ ಅಪ್ಪ, “ದನಕ್ಕೆಂತ ಸೂತಕ?” ಎಂದು ಹಬ್ಬದ ದಿನ ದನಗಳಿಗೆ ಕಟ್ಟುವ ಹೊಸ ಹಗ್ಗ ಹೊಸೆಯಲು ಪುಂಡಿನಾರು ತರಿಸಿದ.

ಅವರಿಬ್ಬರೂ ನಲವತ್ತು ವರ್ಷ ಹಗ್ಗ ಹೊಸೆದದ್ದು ನಿನಗೆ ಗೊತ್ತೇ ಇದೆ. ಅಪ್ಪ ಕೊಟ್ಟಿಗೆ ಬಾಗಿಲಲ್ಲಿ ಕೂತು ನಾರು ಸೇರಿಸುತ್ತಿದ್ದ. ಅವ್ವ ತುದಿ ಹಿಡಿದು ತಿರುಚುತ್ತ ಹಿಂದಕ್ಕೆ ನಡೆಯುತ್ತಿದ್ದಳು, ತಿರುಗಿ ನೋಡುತ್ತಿರಲಿಲ್ಲ. ಹಲಸಿನ ಮರ ಬೆನ್ನಿಗೆ ತಾಗುವ ಮೊದಲು ಅಪ್ಪ “ಮರ ಬಂತು” ಅನ್ನುತ್ತಿದ್ದ. ಜಗಳವಾಡಿ ಮಾತು ಬಿಟ್ಟ ದಿನವೂ ಆ ಒಂದು ಮಾತು ತಪ್ಪುತ್ತಿರಲಿಲ್ಲ.

ನಿನ್ನೆ ತುದಿ ಹಿಡಿದವನು ನಾನು. ಅಪ್ಪ “ಮರ ಬಂತು” ಅಂದ. ಆ ಮರ ಹೋದ ವರ್ಷದ ಮಳೆಗಾಲದಲ್ಲೇ ಬಿದ್ದಿದೆಯಲ್ಲ. “ಮರ ಎಲ್ಲಿದೆ ಅಪ್ಪಾ?” ಎಂದು ಇನ್ನೆರಡು ಹೆಜ್ಜೆ ಹಿಂದೆ ಹೋದೆ. ಅಪ್ಪ ನಾರು ಕೆಳಗಿಟ್ಟು ಎದ್ದು ಹೋದ. ಇವತ್ತೂ ಮುಟ್ಟಿಲ್ಲ.

ಎರಡು ದಿನದ ಮಟ್ಟಿಗೆ ಯಲ್ಲಾಪುರದಿಂದ ಬಂದು ಹೋಗು. ಇನ್ನೂ ನಾಲ್ಕು ಹಗ್ಗ ಆಗಬೇಕು. ಅಪ್ಪ ಹೇಳಿದಲ್ಲಿ ಸುಮ್ಮನೆ ನಿಂತುಬಿಡು. ಮರ ಬಿದ್ದ ಮೇಲೂ ಅವ್ವ ಅಲ್ಲೇ ನಿಲ್ಲುತ್ತಿದ್ದಳಂತೆ.

ನಿನ್ನ ತಮ್ಮ,
ನಂದನ