ಐದನೆಯ ಪುಟ

ಲಾಂಡ್ರಿ ಮನೆ
ಮಾರ್ಚ್ ೧೨, ಗುರುವಾರ ಮಧ್ಯಾಹ್ನ

ಪ್ರೀತಿಯ ಚೂಟಿ,

ಅಕ್ಕನ ಆಶೀರ್ವಾದ. ಇಲ್ಲಿ ಎಲ್ಲರೂ ಗಟ್ಟಿಯಾಗಿದ್ದೇವೆ. ನೀನೂ ಹಾಗೆಯೇ ಇದ್ದೀಯೆಂದು ನಂಬಿದ್ದೇನೆ. ನಿನ್ನ ಮನೆಯವರ ವಿಷಯ ನಾನು ಕೇಳುವುದಿಲ್ಲ, ನಿನಗೆ ಗೊತ್ತೇ ಇದೆ.

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ತಡವಾದದ್ದು ನನ್ನದೇ ತಪ್ಪು. ಬಾಯ್ಲರ್ ಕೆಟ್ಟಿತ್ತು, ನಿಜ. ಆದರೆ ಬಾಯ್ಲರ್ ಕೆಟ್ಟರೆ ಪೆನ್ನು ಕೆಡುವುದಿಲ್ಲ.

ಈ ಸಲ ವಿಶೇಷವಿದೆ. ನಾನು ಹಡಗು ಹತ್ತಿ ಬಂದೆ. ನಗಬೇಡ, ಪೂರ್ತಿ ಓದು.

ಆರು ವರ್ಷದಿಂದ ಒಂದು ಪ್ರವಾಸದ ಹಡಗಿನ ಹಾಸಿಗೆ ಬಟ್ಟೆ ನಮ್ಮಲ್ಲಿಗೆ ಬರುತ್ತದೆ. ಮಂಗಳವಾರ ಇನ್ನೂರು ಚಾದರ ವ್ಯಾನಿನಲ್ಲಿ ಬಂದರೆ ಗುರುವಾರ ಇಸ್ತ್ರಿಯಾಗಿ ಹೋಗಬೇಕು. ಈ ವರ್ಷ ಆ ಕಂಪನಿಯವರು ಮೆಚ್ಚಿ ಎರಡು ಟಿಕೆಟ್ ಕಳಿಸಿದರು. ಇಲ್ಲಿಯ ಬಂದರಿನಿಂದ ಹೊರಟು, ಎರಡು ದಿನ ಸಮುದ್ರದಲ್ಲಿ ತಿರುಗಿ, ಇದೇ ಬಂದರಿಗೆ ವಾಪಸ್.

"ಅಮ್ಮ, ನೀನೂ ನಿನ್ನ ಸೊಸೆಯೂ ಹೋಗ್ಬನ್ನಿ. ನೀನು ಎರಡು ದಿನ ಇಲ್ದಿದ್ರೆ ಇಸ್ತ್ರಿಯವರೂ ಒಂಚೂರು ಉಸಿರಾಡ್ತಾರೆ" ಎಂದ ನನ್ನ ಮಗ. ಹೊರಟ ಕಡೆಗೇ ವಾಪಸ್ ಬರುವುದಕ್ಕೆ ಹಡಗು ಯಾಕೆ ಬೇಕು ಎಂದು ನಾನು ಬೈದೆ. ಆದರೂ ಒಳಗೊಳಗೇ ಕುತೂಹಲ. ನಾವು ಒಗೆದು ಮಡಿಸಿ ಕಳಿಸುವ ಚಾದರಗಳು ಆರು ವರ್ಷದಿಂದ ಎಲ್ಲಿಗೆ ಹೋಗುತ್ತಿವೆ? ಒಮ್ಮೆ ನೋಡೋಣವೆನ್ನಿಸಿತು.

ತೊಡಕು ಬಂದದ್ದು ಗುರುತಿನ ಚೀಟಿಯಲ್ಲಿ. ಹಡಗು ಹತ್ತುವವರೆಲ್ಲ ಫೋಟೋ ಇರುವ ಚೀಟಿ ತೋರಿಸಬೇಕಂತೆ. ನನ್ನದು ತಿದ್ದುಪಡಿಗೆಂದು ಆಫೀಸಿನಲ್ಲಿ ಕೂತಿತ್ತು. ಅದರಲ್ಲಿ ಅಚ್ಚಾದ ವರ್ಷ ಲೆಕ್ಕ ಹಾಕಿದರೆ ನಾನು ನನ್ನ ದೊಡ್ಡ ಮಗನಿಗಿಂತ ಎಂಟೇ ವರ್ಷಕ್ಕೆ ದೊಡ್ಡವಳು. "ಎಂಟನೇ ವಯಸ್ಸಿಗೆ ಹೆತ್ತೆ ಅಂತ ನೀವೇ ಬರ್ಕೊಡ್ತೀರಾ?" ಎಂದು ಕೇಳಿದ್ದಕ್ಕೆ ಅಲ್ಲಿಯ ಗುಮಾಸ್ತ ತಲೆ ತಗ್ಗಿಸಿ, "ನಲವತ್ತೈದು ದಿನ ಕೊಡಿ ಅಮ್ಮ" ಎಂದಿದ್ದ.

"ಫೋಟೋ ಇರೋದು ಬೇರೆ ಏನೂ ಇಲ್ವಾ ಅತ್ತೆ?" ಎಂದು ಸೊಸೆ ಮುಖ ಸಣ್ಣದು ಮಾಡಿದಳು. ನಾನು ತಗಡಿನ ಪೆಟ್ಟಿಗೆ ತೆರೆದು, ತಳದಲ್ಲಿದ್ದ ನನ್ನ ಪಾಸ್‌ಪೋರ್ಟ್ ತೆಗೆದು ಅವಳ ಮುಂದಿಟ್ಟೆ. ಅವಧಿ ಮುಗಿದು ಹದಿನಾಲ್ಕು ತಿಂಗಳಾಗಿತ್ತು.

"ನಿಮ್ಮ ಹತ್ರ ಪಾಸ್‌ಪೋರ್ಟ್ ಇತ್ತಾ!"

"ಇತ್ತು. ಬಾಯಿ ಮುಚ್ಚು, ನೊಣ ಹೋಗುತ್ತೆ."

ಈಗ ನಿನ್ನ ಹುಬ್ಬೂ ಮೇಲೇರಿರುತ್ತದೆ. ಗೊತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಸೊಸೆ ಹಡಗಿನ ಆಫೀಸಿಗೆ ಫೋನು ಮಾಡಿದಳು. ಬೇರೆ ದೇಶದ ನೆಲ ಮುಟ್ಟುವುದಿಲ್ಲವಾದ್ದರಿಂದ, ಬರೀ ಗುರುತಿಗಾದರೆ, ಮುಗಿದು ಎರಡು ವರ್ಷದೊಳಗಿನದು ನಡೆಯುತ್ತದೆ, ಆದರೆ ಕೌಂಟರಿನಲ್ಲಿರುವವರು ಒಪ್ಪಬೇಕು ಎಂದರಂತೆ. ಆ 'ಆದರೆ' ನನ್ನನ್ನು ಕೊರೆಯಿತು. ಈ ವಯಸ್ಸಿನವರೆಗೆ ನನ್ನನ್ನು ಯಾರೂ ಯಾವ ಬಾಗಿಲಿನಿಂದಲೂ ವಾಪಸ್ ಕಳಿಸಿಲ್ಲ. ಊರಿನವರೆಲ್ಲ ಸಾಲು ನಿಂತಿರುವಾಗ ಚೀಲ ಹೊತ್ತು ಹಿಂದಕ್ಕೆ ಬರುವುದೆಂದರೇನು?

ಕೌಂಟರಿನಲ್ಲಿ ಒಬ್ಬಳು ಹುಡುಗಿ, ಕಿವಿಯ ಸಂದಿಯಲ್ಲಿ ಪೆನ್ನು ಸಿಕ್ಕಿಸಿಕೊಂಡಿದ್ದಳು. ಫೋಟೋ ನೋಡಿದಳು, ನನ್ನನ್ನು ನೋಡಿದಳು.

"ಅಮ್ಮ, ಇದು ಮುಗ್ದೋಗಿದೆ."

"ಪುಸ್ತಕ ಮುಗಿದಿದೆ. ನಾನು ಮುಗಿದಿಲ್ಲ."

ಹಿಂದಿನವರು ನಕ್ಕರು. ಅವಳೂ ನಕ್ಕಳು, ಆದರೆ ಬಿಡಲಿಲ್ಲ. "ದೊಡ್ಡ ಸಾಹೇಬ್ರು ಬರ್ಲಿ, ಅಲ್ಲಿ ಕೂತಿರಿ" ಎಂದು ಪಕ್ಕದ ಪ್ಲಾಸ್ಟಿಕ್ ಕುರ್ಚಿ ತೋರಿಸಿದಳು. ಹತ್ತು ನಿಮಿಷ ಕೂತೆ. ನನ್ನ ಹಿಂದಿದ್ದವರೆಲ್ಲ ನನ್ನನ್ನು ನೋಡುತ್ತಾ ಒಳಗೆ ಹೋದರು.

ಸಾಹೇಬರು ಬಂದು ಮೊದಲು ಕನ್ನಡಕ ತೆಗೆಸಿದರು. ಆಮೇಲೆ, "ಸ್ವಲ್ಪ ಆ ಕಡೆ ತಿರುಗಿ, ಕಿವಿ ಕಾಣಲಿ" ಎಂದರು.

"ಕಿವಿ ಯಾಕೆ?"

"ಮುಖ ಇಳಿಯುತ್ತೆ, ಕೂದಲು ಬೆಳ್ಳಗಾಗುತ್ತೆ. ಕಿವಿಯ ಸುತ್ತು ಅಷ್ಟು ಬೇಗ ಸುಳ್ಳು ಹೇಳಲ್ಲ ಅಮ್ಮ."

ಎಷ್ಟು ಸೋಜಿಗ ನೋಡು! ನಮ್ಮಿಬ್ಬರಿಗೂ ಅಪ್ಪನ ಕಿವಿಯೇ ತಾನೆ, ಹಾಗಾದರೆ ನನ್ನ ಪುಸ್ತಕದಲ್ಲಿ ನನ್ನ ತಂಗಿಯೂ ಹಡಗು ಹತ್ತಬಹುದಾ ಎಂದು ಕೇಳಿಬಿಟ್ಟೆ. "ಆ ಐಡಿಯಾ ಯಾರಿಗೂ ಕೊಡಬೇಡಿ" ಎಂದರು. ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಪುಟಗಳೆಲ್ಲ ಖಾಲಿ. "ಒಂದು ಮುದ್ರೆಯೂ ಬೀಳದೆ ಮುದಿಯಾಗಿದೆಯಲ್ಲ ಇದು" ಎಂದು ನಕ್ಕು, ಹೋಗಿ ಎಂದರು.

ಕೋಣೆಗೆ ಹೋದವಳೇ ಮೊದಲು ಹಾಸಿಗೆಯ ಚಾದರ ಎಳೆದು ಮೂಲೆ ನೋಡಿದೆ. ಇತ್ತು! ಕೆಂಪು ದಾರದ ಮೂರು ಹೊಲಿಗೆ. ಹದಿಮೂರು ವರ್ಷದವಳಿದ್ದಾಗ, ನಮ್ಮ ಲಾಂಡ್ರಿಯ ಬಟ್ಟೆ ಬೇರೆಯವರದರ ಜೊತೆ ಬೆರೆಯದಿರಲೆಂದು ನೀನು ಹಾಕಿಕೊಟ್ಟ ಗುರುತು. ಹಕ್ಕಿ ಹೆಜ್ಜೆಯ ಹಾಗಿದೆ, ಇದೂ ಒಂದು ಗುರುತಾ ಎಂದು ನಾನು ಬೈದಿದ್ದೆ. ಇವತ್ತಿಗೂ ಅದೇ ಹಾಕುತ್ತೇವೆ.

ಕೋಣೆ ನೋಡಿಕೊಳ್ಳುವ ಹೆಂಗಸು ಗಾಬರಿಯಿಂದ, "ಕೊಳೆ ಇದ್ಯಾ ಅಮ್ಮ?" ಎಂದಳು.

"ಹೇಗಿರುತ್ತೆ? ಒಗೆದವಳು ನಾನು."

"ಅಯ್ಯೋ, ಈ ಹಕ್ಕಿ ಹೆಜ್ಜೆ ನಿಮ್ದಾ? ಯಾರ ಕೈಕೆಲಸ ಇದು ಅಂತ ನಾವೆಲ್ಲ ಮಾತಾಡ್ಕೊಳ್ತೀವಿ!"

ನಿನ್ನ ಹಕ್ಕಿ ಆರು ವರ್ಷದಿಂದ ವಾರ ವಾರ ಸಮುದ್ರಕ್ಕೆ ಹೋಗಿ ಬರುತ್ತಿದೆ. ನನಗೆ ಈಗ ತಿಳಿಯಿತು.

ಮರುದಿನ ಮಧ್ಯಾಹ್ನ ನಾವು ಹಡಗಿನ ಮೇಲಿನ ಡೆಕ್ಕಿನಲ್ಲಿ ನಿಂತಿದ್ದಾಗ ಹಡಗು ನಿಧಾನವಾಗಿ ತಿರುಗಿತು. ಹಗ್ಗ ಸುತ್ತುತ್ತಿದ್ದ ನಾವಿಕನನ್ನು ಯಾಕೆಂದು ಕೇಳಿದೆ.

"ಇಲ್ಲಿಗೆ ನಮ್ಮ ಗಡಿ ಮುಗೀತಮ್ಮ."

"ಗೆರೆ ಎಲ್ಲಿದೆ?"

"ಗೆರೆ ಯಂತ್ರದಲ್ಲಿದೆ. ನೀರಲ್ಲಿಲ್ಲ."

ಎಷ್ಟು ಬಗ್ಗಿ ನೋಡಿದರೂ ಈಚೆಯ ನೀರಿಗೂ ಆಚೆಯ ನೀರಿಗೂ ಬಣ್ಣದಲ್ಲಿ ಎಳ್ಳಷ್ಟೂ ವ್ಯತ್ಯಾಸ ಕಾಣಲಿಲ್ಲ. ತಿರುಗದೆ ನೇರ ಹೋದರೆ ಏನು ಸಿಗುತ್ತದೆ ಎಂದೆ. ಒಂದೂವರೆ ದಿನದ ದಾರಿ ಎಂದು ನಿನ್ನ ಊರಿನ ಹೆಸರನ್ನೇ ಹೇಳಿದ. ಅಷ್ಟು ಹತ್ತಿರವೆಂದು ನನಗೆ ಗೊತ್ತಿರಲಿಲ್ಲ ಚೂಟಿ.

"ಯಾರಾದ್ರೂ ಇದ್ದಾರಾ ಅಲ್ಲಿ?"

"ತಂಗಿ."

"ಹಂಗಾದ್ರೆ ಕೈ ಬೀಸಿ."

ನಾನು ಬೀಸುವವಳಾ? ನನ್ನ ಪರವಾಗಿ ಸೊಸೆ ಬೀಸಿದಳು, ಅದೂ ಎರಡೂ ಕೈಯಲ್ಲಿ.

ವಾಪಸ್ ಬಂದು ನೋಡಿದರೆ ಇಸ್ತ್ರಿಯವರು ಚೆನ್ನಾಗಿಯೇ ಉಸಿರಾಡಿದ್ದಾರೆ. ಮಡಿಕೆಗಳೆಲ್ಲ ಸೊಟ್ಟ. ಸರಿ ಮಾಡಿಸುತ್ತಿದ್ದೇನೆ.

ಮೈ ನೋಡಿಕೋ. ಭಾರ ಎತ್ತಬೇಡ. ನಿನ್ನ ಹೊಟ್ಟೆ ತಣ್ಣಗಿರಲಿ, ನಿನ್ನ ಬಾಗಿಲಿಗೆ ಒಳ್ಳೆಯ ಸುದ್ದಿಯೇ ಬರಲಿ.

ಇಂತಿ,
ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಪುಟಗಳೆಲ್ಲ ಖಾಲಿ ಎಂದು ಮೇಲೆ ಬರೆದದ್ದು ಸುಳ್ಳು. ಐದನೆಯ ಪುಟದಲ್ಲಿ ನಿನ್ನ ದೇಶಕ್ಕೆ ಬರುವ ಪರವಾನಗಿ ಅಂಟಿಸಿದೆ. ಸಾಹೇಬರು ಅಲ್ಲಿ ಬೆರಳಿಟ್ಟು, "ಇಲ್ಲಿಗೆ ಹೋಗಲೇ ಇಲ್ವಾ ಅಮ್ಮ?" ಎಂದು ಕೇಳಿದರು. ಕೆಲಸ ಬಿತ್ತು ಎಂದೆ. ಅದೂ ಸುಳ್ಳು.

ನಿನ್ನ ಹೊಟ್ಟೆಯ ಆಪರೇಷನ್ನಿಗೆ ಮೊದಲು ನೀನು ಬರೆದಿದ್ದೆ, "ಅಕ್ಕ, ನಿನ್ನ ಮುಖ ನೋಡ್ಕೊಂಡು ಒಳಗೆ ಹೋಗ್ಬೇಕು" ಎಂದು. ನಾನು ಓಡಾಡಿ ಪಾಸ್‌ಪೋರ್ಟ್ ಮಾಡಿಸಿದೆ, ಪರವಾನಗಿಯನ್ನೂ ತಂದೆ. ಪೆಟ್ಟಿಗೆ ಕಟ್ಟಿದೆ. ಆದರೆ ಆ ಕಾಗದದಲ್ಲಿ ನಿನ್ನ ಗಂಡನ ಕೈಯ ಒಂದು ಸಾಲೂ ಇರಲಿಲ್ಲ. ನಮ್ಮಲ್ಲಿ ಇಸ್ತ್ರಿ ಮಾಡುತ್ತಿದ್ದವನು ನಿನ್ನನ್ನು ಕೇಳಿಕೊಂಡು ಬಂದಾಗ ಬಾಗಿಲಿನಿಂದಲೇ ಆಚೆ ಕಳಿಸಿದವಳು ನಾನು. ಅವನೇ ಕರೆಯಲಿ ಎಂದು ಕಾದೆ. ಕಾದು ಕಾದು, ಪಾಸ್‌ಪೋರ್ಟ್ ಇಲ್ಲ, ಬರಲಾಗದು ಎಂದು ಬರೆದೆ. ನೀನು ನಂಬಿದೆ. "ಪಾಪ ಅಕ್ಕ, ಇದ್ದಿದ್ರೆ ಹಾರಿ ಬರ್ತಿದ್ಲು" ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ಹನ್ನೊಂದು ವರ್ಷದಿಂದ ಆ ಮಾತು ನನ್ನನ್ನು ತಿನ್ನುತ್ತಿದೆ.

ಆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಾಗ, ಅಂದು ನಮ್ಮ ಬಾಗಿಲಲ್ಲಿ ನಿಂತಿದ್ದ ನಿನ್ನ ಮನೆಯವರ ಮುಖ ನೆನಪಾಯಿತು. ನನಗೆ ಹತ್ತೇ ನಿಮಿಷ.

ತಿದ್ದಿದ ಗುರುತಿನ ಚೀಟಿ ಮೊನ್ನೆ ಬಂತು. ಅದನ್ನು ಹಿಡಿದು ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದೇನೆ. ಈ ಸಲ ನಾನು ಕಾಯುವುದಿಲ್ಲ, ಮೊದಲ ಸಾಲು ನಾನೇ ಬರೆದಿದ್ದೇನೆ. ಇದರೊಳಗೆ ಮಡಿಸಿದ ಇನ್ನೊಂದು ಕಾಗದವಿದೆ, ಮೂಲೆಯಲ್ಲಿ ಹಕ್ಕಿ ಹೆಜ್ಜೆ ಹಾಕಿದ್ದೇನೆ. ಅದನ್ನು ನಿಮ್ಮ ಯಜಮಾನರ ಕೈಗೆ ಕೊಡು. ನೀನು ಓದಬೇಡ.