ತೆಪ್ಪ ಕೊಟ್ಟಿಗೆಯಲ್ಲಿದೆ

ಮೌನೇಶಣ್ಣ,

ತೆಪ್ಪವನ್ನು ಹೊಳೆಯಿಂದ ತಂದಾಯಿತು. ಪಕ್ಕದ ಮನೆಯ ರಾಮಲಿಂಗ ಕಾಕಾ ಒಂದು ಕಡೆ ಹಿಡಿದ, ಇನ್ನೊಂದು ಕಡೆ ನಾನು. ಹೆಗಲು ಸೋತುಹೋಗಿದೆ. ಕೊಟ್ಟಿಗೆಯಲ್ಲಿ ಬೋರಲು ಹಾಕಿದ್ದೇನೆ. ಒಂದು ಬದಿ ಇನ್ನೂ ನೆಲಕ್ಕೆ ತಾಗುತ್ತಿದೆ, ಅದರ ಕೆಳಗೆ ಕಲ್ಲು ಇಡು. ಇಲ್ಲದಿದ್ದರೆ ಗೆದ್ದಲು ಬಿದಿರು ತಿನ್ನುತ್ತದೆ. ತಳಕ್ಕೆ ಹೊದಿಸಿದ ಚೀಲ ಎರಡು ಕಡೆ ಹರಿದಿದೆ. ಡಾಂಬರು ಕಾಯಿಸಿ ಬಳಿ. ಅವಸರವಿಲ್ಲ, ಈ ಚಳಿಗಾಲವೆಲ್ಲ ಅದು ಅಲ್ಲೇ ಇರುತ್ತದೆ.

ನಿನ್ನೆ ಅಪ್ಪ ಎದುರಿನ ಬಂಡೆ ಕಾಣದೆ ತೆಪ್ಪವನ್ನು ನೇರ ಅದಕ್ಕೇ ಹೊಡೆದ. "ಹೊಳಿ ನನಗ ಕಿವೀಲೆ ಕಾಣ್ತದವ್ವ, ಕಣ್ಣ್ಯಾಕ ಬೇಕು?" ಅಂತ ನನಗೇ ಹೇಳುತ್ತಾನೆ. ಕಣ್ಣಿನ ಪೊರೆ ತೆಗೆಸು ಅಂದರೆ ಎದ್ದು ಬಲೆ ಎತ್ತಿಕೊಳ್ಳುತ್ತಾನೆ. ಜಗಳಾಡಿ ಸಾಕಾಗಿದೆ.

ತೆಪ್ಪ ಎಲ್ಲಿ ಅಂತ ಅಪ್ಪ ಕೇಳಿದರೆ ತಳ ಹರಿದಿದೆ ಎಂದು ನೆಪ ಹೇಳಬೇಡ, ಸಂಜೆಯೊಳಗೆ ತಾನೇ ಕೈಯಾಡಿಸಿ ಹೊಲಿದುಬಿಡುತ್ತಾನೆ. ನಾನು ಎತ್ತಿಸಿದೆ ಅಂತಲೇ ಹೇಳು. ಬೈಗುಳ ನನ್ನ ಪಾಲಿಗಿರಲಿ.

ಅವನು ಎರಡು ಸಲ "ತಮ್ಮಾ" ಅಂದರೆ ನೀನು ಕರಗುತ್ತೀ, ಗೊತ್ತು. ಅದಕ್ಕೇ ಹುಟ್ಟುಗೋಲನ್ನು ನಾನು ಕೆಲಸದೂರು ಕಡೇಚೂರಿಗೆ ಒಯ್ಯುತ್ತಿದ್ದೇನೆ. ಫ್ಯಾಕ್ಟರಿ ಬಸ್ಸಿನಲ್ಲಿ ನಗುತ್ತಾರೆ, ನಗಲಿ. ಅಪ್ಪ ಆಪರೇಷನ್ ಮಾಡಿಸಿಕೊಂಡ ದಿನ ಫೋನು ಮಾಡು, ತಂದುಕೊಡುತ್ತೇನೆ.

ಮೌನಿಕಾ