ಮೂಕಪ್ಪ ತಾತ ಹಬ್ಬಿಸಿದ ಕೈಗುಣ

ಕುರುಗೋಡು
೧೨-೦೧-೨೦೨೫, ಭಾನುವಾರ

ತೆಕ್ಕಲಕೋಟೆಯ ಮೂಕಪ್ಪ ತಾತನಿಗೆ, ನಿಮ್ಮ ಕೈಯನ್ನು ಜರಡಿ ಮಾಡಿದ ಡಾಕ್ಟ್ರಮ್ಮ ಸೌಂದರ್ಯಳ ನಮಸ್ಕಾರಗಳು.

ಫೋನ್ ಇರುವಾಗ ಈ ಹುಡುಗಿ ಕಾಗದ ಯಾಕೆ ಬರೆದಳು ಎಂದು ನೀವು ಕೇಳುತ್ತೀರಿ. ತಾತ, ಫೋನಿನಲ್ಲಿ ನಿಮ್ಮೆದುರು ಒಂದು ಮಾತನ್ನು ಪೂರ್ತಿ ಮಾಡುವ ಭಾಗ್ಯ ಇದುವರೆಗೆ ಯಾರಿಗಾದರೂ ಸಿಕ್ಕಿದೆಯೇ? ನಿಮಗೆ ಮೂಕಪ್ಪ ಎಂದು ಹೆಸರಿಟ್ಟವರು ನೀವು ತೊಟ್ಟಿಲಲ್ಲಿ ನಿದ್ದೆ ಹೋಗಿದ್ದಾಗ ನೋಡಿ ಇಟ್ಟಿರಬೇಕು. ಕಾಗದದ ಸುಖವೆಂದರೆ ನಡುವೆ ನೀವು ಬಾಯಿ ಹಾಕುವಂತಿಲ್ಲ. ಪಕ್ಕೀರಮ್ಮಜ್ಜಿಗೂ ಕೇಳುವಂತೆ ಜೋರಾಗಿ ಓದಿ. ಈ ಕಥೆಯಲ್ಲಿ ಅವರೂ ಇದ್ದಾರೆ.

ಎರಡು ಸುದ್ದಿ ಇವೆ. ಒಳ್ಳೆಯದು ನಿಮಗೆ ಗೊತ್ತೇ ಇದೆ. ನಿಮ್ಮ ಬೀಗರು ಎರ್ರಣ್ಣನವರು ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಆರಾಮಾಗಿ ಕುರುಗೋಡಿಗೆ ಮರಳಿದ್ದಾರೆ. ಕೆಟ್ಟದ್ದು ನಿಮಗೆ ಗೊತ್ತಿಲ್ಲ. ಅವರ ಹೆಂಡತಿ ಮತ್ತು ಮಗನ ಎದುರಿಗೆ, ನೀವು ಸುಳ್ಳುಗಾರರೆಂದು ನಾನು ಬಾಯಿಬಿಟ್ಟು ಹೇಳಿದ್ದೇನೆ. ನೀವು ಬಳ್ಳಾರಿಗೆ ನೋಡಲು ಹೋದಾಗ ಬೀಗರು ಆ ಮಾತು ಎತ್ತಲಿಲ್ಲವಲ್ಲ, ಅದು ಮರ್ಯಾದೆಯಿಂದಲ್ಲ. ಕೆಲವು ವಾರ ಸಿಟ್ಟು ಮಾಡಿಕೊಳ್ಳಬಾರದು ಎಂದು ಡಾಕ್ಟರು ಹೇಳಿದ್ದಾರೆ. ಹಾಗಾಗಿ ಜಗಳವನ್ನು ಮುಂದೂಡಿದ್ದಾರೆ, ಅಷ್ಟೇ. ತಿಂಗಳ ಕೊನೆಗೆ ಮೊಮ್ಮಗಳ ಕಿವಿ ಚುಚ್ಚಿಸಲು ಅವರೆಲ್ಲ ನಿಮ್ಮ ಮನೆಗೆ ಬರುತ್ತಾರಲ್ಲ, ಅಂದೇ ನಿಮ್ಮ ವಿಚಾರಣೆ. ಆರೋಪಿಗೆ ಮೊದಲೇ ನೋಟಿಸು ಮುಟ್ಟಿಸುವುದು ನನ್ನ ಧರ್ಮ.

ಯಾಕೆ ಹಾಗೆ ಹೇಳಿದೆ ಎಂಬುದನ್ನು ಮೊದಲಿನಿಂದಲೇ ಹೇಳಬೇಕು.

ಎಂಬಿಬಿಎಸ್ ಮುಗಿಸಿದವರನ್ನು ಒಂದು ವರ್ಷ ‘ಹೌಸ್ ಸರ್ಜನ್’ ಎನ್ನುತ್ತಾರೆ. ನಮಗೆ ಹೌಸಿಗೆ ಹೋಗಲು ಬಿಡುವಿಲ್ಲ, ಸರ್ಜನ್ ಎನ್ನಲು ನಾಚಿಕೆ ಬಿಡುವುದಿಲ್ಲ. ಆ ವರ್ಷವೆಲ್ಲ ವಾರ್ಡಿನಿಂದ ವಾರ್ಡಿಗೆ ಪೋಸ್ಟಿಂಗ್. ಹೆಸರಿಗೆ ತಕ್ಕಂತೆ ನಾವು ಪೋಸ್ಟಿಗೆ ಹಾಕಿದ ಲಕೋಟೆಗಳು. ಎಲ್ಲಿಗೆ ಹೋದರೂ ಮೈಮೇಲೆ ಒಂದು ಗುದ್ದು ಬೀಳುತ್ತದೆ, ಆಮೇಲೆ ಮುಂದಕ್ಕೆ ರವಾನೆ. ನನ್ನ ಮೊದಲ ಪೋಸ್ಟಿಂಗ್ ಬಳ್ಳಾರಿಯ ದೊಡ್ಡಾಸ್ಪತ್ರೆಯ ಮೆಡಿಸಿನ್ ವಾರ್ಡು. ಅಲ್ಲಿ ಜ್ವರಕ್ಕೆ ಮಲಗಿದ್ದವರು ನೀವು. ನನ್ನ ಜೀವಮಾನದ ಮೊದಲ ಪೇಷಂಟು.

ಅವತ್ತು ನಿಮ್ಮ ಬಲಗೈಯ ನರ ಕಣ್ಣಿಗೆ ಕಾಣುತ್ತಿತ್ತು, ಸೂಜಿಗೆ ಕಾಣುತ್ತಿರಲಿಲ್ಲ. ಎಡಗೈಗೆ ಬಂದೆ, ಮತ್ತೆ ಬಲಗೈಗೆ ಹೋದೆ. ಪಕ್ಕೀರಮ್ಮಜ್ಜಿ ತಾಳಲಾರದೆ, “ಏನವ್ವಾ ತಾಯಿ, ರಕ್ತ ತಗೊಳ್ಳಾಕ ಬಂದೀಯೋ, ಕೌದಿ ಹೊಲಿಯಾಕ ಬಂದೀಯೋ?” ಎಂದರು. ಬೈಯುವ ಹಕ್ಕು ನಿಮ್ಮದಾಗಿತ್ತು. ಆದರೆ ನೀವು ಬೈದದ್ದು ಅವರಿಗೆ. “ಲೇ ಪಕ್ಕೀರಿ, ಸುಮ್ನ ಕುಂದ್ರು. ನೀ ಮೊದಲ್ನೇ ದಿನ ಗದ್ದಿಗೆ ಇಳಿದಾಗ ಸಸಿ ನೆಟ್ಟಗ ಹಚ್ಚಿದ್ದೇನು? ನೀ ಹಚ್ಚಿದ ಭತ್ತೆಲ್ಲಾ ನೀರಾಗ ತೇಲಾಡ್ತಿತ್ತು!”

ಐದನೆಯ ಸಲಕ್ಕೆ ರಕ್ತ ಬಂತು. ಸೀಸೆ ತುಂಬಿಕೊಂಡು, ಕೈ ತೊಳೆಯಲೆಂದು ನಾನು ಹೊರಗೆ ಹೋದೆ. ತಿರುಗಿ ಬರುವಷ್ಟರಲ್ಲಿ ನಿಮ್ಮ ಪಕ್ಕದ ಹಾಸಿಗೆಗೆ ಸಿರುಗುಪ್ಪದ ಗಾದೆಪ್ಪನವರನ್ನು ತಂದು ಮಲಗಿಸಿದ್ದರು. ಸೂಜಿ ಎಂಬ ಪದಕ್ಕೇ ಬೆವರುವ ಆಸಾಮಿ. ಎರಡೂ ಕೈ ಕಂಬಳಿಯೊಳಗೆ ಬಚ್ಚಿಟ್ಟುಕೊಂಡಿದ್ದರು. ನೀವೂ ಕೈಗಳನ್ನು ಕಂಬಳಿಯೊಳಗೆ ಸೇರಿಸಿದ್ದಿರಿ, ಬೇರೆ ಕಾರಣಕ್ಕೆ. ಹಾಗೆ ಸೇರಿಸಿಕೊಂಡೇ ಹೇಳುತ್ತಿದ್ದಿರಿ: “ಈಗಷ್ಟ ನನ್ನ ರಕ್ತ ತಗೊಂಡು ಹೋತು ಆ ಡಾಕ್ಟರ್ ಹುಡುಗಿ. ಯಾವಾಗ ಚುಚ್ಚಿದ್ಳೋ, ಯಾವಾಗ ತಗದ್ಳೋ, ದೇವರಾಣಿ ಗೊತ್ತಾಗಲಿಲ್ಲಪಾ. ಕೈಗುಣ ಅಂದ್ರ ಅದು!”

ಯಾವ ದೇವರ ಆಣೆ ಎಂದು ಹೇಳದೆ ಜಾಣತನ ಮಾಡಿದಿರಿ. ಅಜ್ಜಿಗೆ ಸೆರಗು ಬಾಯಿಗೆ ಹಿಡಿದುಕೊಳ್ಳುವಷ್ಟು ಕೆಮ್ಮು ಬಂತು.

ಗಾದೆಪ್ಪನವರು ಕಂಬಳಿಯಿಂದ ಕೈ ತೆಗೆದು ನನ್ನ ಮುಂದೆ ಚಾಚಿದರು. ಹೆದರಿದ ಕೈಯಲ್ಲಿ ನರ ಒಳಗೆ ಸರಿದು ಕೂರುತ್ತದೆ, ನಂಬಿದ ಕೈಯಲ್ಲಿ ಎದ್ದು ನಿಲ್ಲುತ್ತದೆ. ಇದು ನಮ್ಮ ಪುಸ್ತಕದಲ್ಲೂ ಇದೆ. ನಾನು ಓದಿದ್ದೆ, ಪರೀಕ್ಷೆಗೆ ಬರೆದೂ ಇದ್ದೆ, ನಂಬಿರಲಿಲ್ಲ. ಒಂದೇ ಸಲಕ್ಕೆ ಸಿಕ್ಕಿತು. ಗಾದೆಪ್ಪನವರು, “ಖರೇನ ಐತಿ ನೋಡ್ರಿ!” ಎಂದು ಎದುರು ಸಾಲಿನವರೆಗೂ ಕೂಗಿದರು.

ಅಲ್ಲಿಂದ ನನ್ನ ಕೈಗುಣ ನನಗಿಂತ ಮುಂದೆ ಮುಂದೆ ಪೋಸ್ಟಿಂಗ್ ಹೊರಟಿತು. ಸರ್ಜರಿಗೆ ಹೋದರೆ ಅಲ್ಲಿಯ ರೋಗಿಗಳು, “ಆ ಕೈಗುಣದ ಡಾಕ್ಟ್ರಮ್ಮ ಇವರೇ ಏನ್ರಿ?” ಎನ್ನುತ್ತಿದ್ದರು. ಆಪರೇಷನ್ನಿನಲ್ಲಿ ನನ್ನ ಕೈಗೆ ಇದ್ದ ಗುಣ ಒಂದೇ, ಹಿಡಿ ಅಂದದ್ದನ್ನು ಹಿಡಿದುಕೊಂಡು ನಿಲ್ಲುವುದು. ಹೆರಿಗೆ ವಾರ್ಡಿನಲ್ಲಿ ಒಬ್ಬ ಅಜ್ಜಿ ತನ್ನ ಸೊಸೆಯ ಹೊಟ್ಟೆಯನ್ನು ನಾನು ಸುಮ್ಮನೆ ಮುಟ್ಟಿದರೆ ಸಾಕೆಂದು ಹಟ ಹಿಡಿದರು. ಪಾರ್ವತಿನಗರದ ನಮ್ಮ ಮನೆಗೂ ಸುದ್ದಿ ಮುಟ್ಟಿ, ಪಕ್ಕದ ಮನೆಯ ಸುನಂದಾ ಆಂಟಿ ಕರಿಬೇವಿನ ಸಸಿ ಹಿಡಿದುಕೊಂಡು ಬಂದರು. “ನಮ್ಮನಿ ಕರಿಬೇವು ಹಚ್ಚಿದಾಗೊಮ್ಮೆ ಒಣಗತೈತಿ. ನಿನ್ನ ಕೈಲೆ ಹಚ್ಚಿಕೊಡವ್ವಾ.” ಹಚ್ಚಿದೆ. ಅದೂ ಚಿಗುರಿಬಿಟ್ಟಿತು, ತಾತ! ನಿಮ್ಮ ಸುಳ್ಳಿಗೆ ಗಿಡಮರಗಳೂ ಸಾಕ್ಷಿ ಹೇಳತೊಡಗಿದವು.

ನನಗೆ ಇದೆಲ್ಲ ಹಿತವಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಎಲ್ಲರೂ ಕೈ ಚಾಚಿದ್ದರಿಂದ ನನಗೆ ಅಭ್ಯಾಸವಾಯಿತು, ಅಭ್ಯಾಸವಾದ್ದರಿಂದ ಕೈ ನಿಂತಿತು. ನಿಮ್ಮ ಮಾತನ್ನು ಉಳಿಸಬೇಕಲ್ಲ ಎಂದು ನಾನೂ ಮೈಯೆಲ್ಲ ಕಣ್ಣಾಗಿ ಕಲಿತೆ.

ಡಿಸೆಂಬರಿನಲ್ಲಿ ನನ್ನನ್ನು ಕುರುಗೋಡಿಗೆ ಹಾಕಿದರು. ಹಳ್ಳಿಗಾಡಿನ ಪೋಸ್ಟಿಂಗ್, ಇಲ್ಲಿ ನನ್ನ ಪರಿಚಯ ಯಾರಿಗಿರುತ್ತದೆ ಎಂದುಕೊಂಡಿದ್ದೆ. ನಿಮ್ಮ ಮಗಳು ಶಶಿರೇಖಾಳನ್ನು ಕೊಟ್ಟ ಊರು ಇದೇ ಎಂಬುದು ಮರೆತುಹೋಗಿತ್ತು. ಮೊದಲ ದಿನವೇ ನಿಮ್ಮ ಅಳಿಯ ಹುಲಿಗೇಶ್ ತೆಂಗಿನಕಾಯಿ ಹಿಡಿದು ಬಂದು, “ನಮ್ಮ ಮಾವಾರು ನಿಮ್ಮ ಬಗ್ಗೆ ಭಾಳ ಹೇಳ್ಯಾರ್ರಿ” ಎಂದ. ನೀವು ಭಾಳ ಹೇಳದ ವಿಷಯ ಯಾವುದಿದೆ?

ಆಮೇಲೆ ಒಂದು ಬೆಳಗ್ಗೆ ಎರ್ರಣ್ಣನವರು ತಾವೇ ನಡೆದುಕೊಂಡು ಆಸ್ಪತ್ರೆಗೆ ಬಂದರು. ಹಿಂದೆ ಅವರ ಹೆಂಡತಿ ಊರಮ್ಮನವರು, ಹುಲಿಗೇಶ್. “ಎದ್ಯಾಗ ಗ್ಯಾಸ್ ಹಿಡಕೊಂಡೈತ್ರಿ” ಎಂದರು. ಅಂಗಿ ಬೆವರಿಗೆ ಒದ್ದೆಯಾಗಿತ್ತು. ಇಸಿಜಿ ತೆಗೆದು ನೋಡಿದರೆ ಅದು ಗ್ಯಾಸ್ ಅಲ್ಲ, ಹಾರ್ಟ್ ಅಟ್ಯಾಕ್. ನಮ್ಮ ಡಾಕ್ಟರ್ ಶಶಿಕಾಂತ್ ಸರ್ ತಕ್ಷಣ ಮಾತ್ರೆಗಳನ್ನು ಅಗಿಸಿ, ಬಳ್ಳಾರಿಗೆ ಕರೆದೊಯ್ಯಲು ಆಂಬುಲೆನ್ಸಿಗೆ ಹೇಳಿದರು. ಹೃದಯದ ಕಟ್ಟಿಕೊಂಡ ನರ ಬಿಡಿಸುವ ವ್ಯವಸ್ಥೆ ಇರುವುದು ಅಲ್ಲಿ. ತಡವಾದಷ್ಟೂ ಹೃದಯ ಸಾಯುತ್ತ ಹೋಗುತ್ತದೆ.

ನಿಮ್ಮ ಬೀಗರು ಒಲ್ಲೆ ಎಂದರು.

“ಬಳ್ಳಾರಿ ಗಿಳ್ಳಾರಿ ಏನೂ ಬ್ಯಾಡ್ರಿ. ನಮ್ಮ ಬೀಗ್ರು ಹೇಳ್ಯಾರ, ಈ ಅಮ್ಮ ಮುಟ್ಟಿದ್ರ ಅರ್ಧ ಜಡ್ಡು ಅಲ್ಲೇ ಹೋಗತೈತಂತ. ಇವರ ಕೈಲೆ ಒಂದು ಸೂಜಿ ಮಾಡಿಸ್ರಿ, ಮನಿಗೆ ಹೋಗಿ ಮಲಗ್ತೀನಿ.”

ಶಶಿಕಾಂತ್ ಸರ್ ಬಿಡಿಸಿ ಬಿಡಿಸಿ ಹೇಳಿದರು. ಊರಮ್ಮನವರು, “ಸಾರ್ ಹೇಳೋದು ಖರೆ ಇರಬೌದು. ಆದ್ರ ಅಮ್ಮಾರು ಅದಾರಲ್ರಿ” ಎಂದರು. ಹುಲಿಗೇಶ್ ಕೂಡ ನನ್ನ ಮುಖ ನೋಡುತ್ತ, “ಮಾವಾರು ಸುಳ್ಳು ಹೇಳೋರಲ್ರಿ” ಎಂದ. ಆಂಬುಲೆನ್ಸ್ ಬಂದು ಬಾಗಿಲಲ್ಲಿ ನಿಂತಿತ್ತು. ಎರ್ರಣ್ಣನವರು ಮಂಚದಿಂದ ಕಾಲು ಇಳಿಬಿಟ್ಟು ಚಪ್ಪಲಿ ಹುಡುಕುತ್ತಿದ್ದರು. ಅವರು ಆ ಚಪ್ಪಲಿ ಮೆಟ್ಟಿ ಮನೆಗೆ ಹೋಗಿದ್ದರೆ, ನಿಮ್ಮ ಒಂದು ಸುಳ್ಳು ನಿಮ್ಮ ಬೀಗರನ್ನೇ ಕರೆದುಕೊಂಡು ಹೋಗುತ್ತಿತ್ತು.

ನನಗೆ ಯಾವ ಕೈಗುಣವೂ ಇಲ್ಲ ಎಂದೆ. “ದೊಡ್ಡೋರು ಹಂಗೇ ಅಂತಾರ” ಎಂದು ಊರಮ್ಮನವರು ಕೈಮುಗಿದರು. ಆಗ ಬೇರೆ ದಾರಿ ಇರಲಿಲ್ಲ, ತಾತ. ಎಲ್ಲವನ್ನೂ ಹೇಳಿದೆ. ಐದು ಸಲ ಚುಚ್ಚಿದ್ದು, ಅಜ್ಜಿ ಕೌದಿ ಅಂದದ್ದು, ನಿಮ್ಮ ಎರಡೂ ಕೈ ಬದನೆಕಾಯಿ ಬಣ್ಣಕ್ಕೆ ತಿರುಗಿದ್ದು, ಆ ಕೈಗಳನ್ನು ಕಂಬಳಿಯಲ್ಲಿ ಬಚ್ಚಿಟ್ಟು ನೀವು ದೇವರಾಣೆ ಮಾಡಿದ್ದು.

ಎರ್ರಣ್ಣನವರ ಕಾಲು ಚಪ್ಪಲಿ ಹುಡುಕುವುದನ್ನು ನಿಲ್ಲಿಸಿತು.

“ಅಂದ್ರ ನಮ್ಮ ಬೀಗ ಸುಳ್ಳು ಹೇಳ್ಯಾನ?”

ಹೌದು ಎಂದೆ.

“ನನ್ನ ಕಟ್ಟಿ ಮ್ಯಾಲ ಕುಂತು, ನನ್ನ ಚಾ ಕುಡುದು, ನನಗ ಸುಳ್ಳು?”

ಹೌದು ಎಂದೆ.

“ಎಲ್ಲೈತಿ ಆ ಗಾಡಿ? ನಡೀರಿ ಬಳ್ಳಾರಿಗೆ! ಈ ಎರ್ರಣ್ಣ ಸುಮ್ನ ಸಾಯಂಗಿಲ್ಲ. ಉಳುದು ಬಂದು ಆ ಮೂಕನ್ನ ಕೇಳಬೇಕು!”

ಬದುಕುವ ಆಸೆಗೆ ಜನ ಹೆಂಡತಿ ಮಕ್ಕಳನ್ನು ನೆನೆಯುತ್ತಾರೆ. ನಿಮ್ಮ ಬೀಗರು ನಿಮ್ಮನ್ನು ನೆನೆದರು. ಇದಕ್ಕಿಂತ ದೊಡ್ಡ ಬೀಗತನ ಯಾವುದು?

ಗಾಡಿ ಹತ್ತಿಸುವ ಮೊದಲು ಕೈಗೆ ಸೂಜಿ ಹಾಕಿ ಇಡಬೇಕಿತ್ತು. ಬೆವರಿ ತಣ್ಣಗಾದ ಕೈ. ನರ ಎಲ್ಲೋ ಆಳಕ್ಕೆ ಇಳಿದು ಕೂತಿತ್ತು. ಸಿಸ್ಟರ್ ಜ್ಯೋತಿ ತೋಳಿಗೆ ಪಟ್ಟಿ ಬಿಗಿದರು. ನಾನು ಬೆರಳಿಟ್ಟು ಹುಡುಕುತ್ತಿದ್ದೆ. ಎರ್ರಣ್ಣನವರಿಗೆ ನನ್ನ ಕಡೆ ಗಮನವೇ ಇರಲಿಲ್ಲ. “ಎತ್ತು ಕೊಡಿಸಿದಾಗೂ ಹಿಂಗ ಅಂದಿದ್ದ, ಸಾಧು ಐತಿ, ಹಸುಗೂಸಿದ್ದಂಗ ಐತಿ ಅಂತ. ಮೊದಲ್ನೇ ದಿನಾನೇ ನನ್ನ ತೊಡಿಗೆ ಹಾಯ್ತು!” ಎಂದು ಊರಮ್ಮನವರಿಗೆ ನಿಮ್ಮ ಚರಿತ್ರೆ ಒಪ್ಪಿಸುತ್ತಿದ್ದರು. ಬೈಗುಳವೆಲ್ಲ ಮುಗಿದ ಮೇಲೆ ನನ್ನ ಕಡೆ ತಿರುಗಿ, “ಸೂಜಿ ಹಾಕಬೇಕು ಅಂದ್ರಲ್ಲ, ಯಾವಾಗ ಹಾಕ್ತೀರಿ?” ಎಂದರು.

ಸಿಸ್ಟರ್ ಜ್ಯೋತಿ, “ಹಾಕಿ ಆತ್ರಿ ಯಜಮಾನ್ರೇ” ಎಂದರು.

ಅವರು ತಮ್ಮ ಕೈ ನೋಡಿಕೊಂಡರು. ಆಮೇಲೆ ನನ್ನನ್ನು ನೋಡಿದರು. ಬಳ್ಳಾರಿ ಮುಟ್ಟುವತನಕ ಆಂಬುಲೆನ್ಸಿನಲ್ಲಿ ಜೊತೆಗೆ ಕೂತಿದ್ದ ನನ್ನ ಕೈಯನ್ನು ಹಿಡಿದುಕೊಂಡೇ ಇದ್ದರು.

ಮೊನ್ನೆ ಗುರುವಾರ ಮಾತ್ರೆಗೆಂದು ಇಲ್ಲಿಗೆ ಬಂದಿದ್ದರು. ನನ್ನ ಎದುರಿನ ಸ್ಟೂಲಿನ ಮೇಲೆ ಕೂತು, “ಒಂದು ಮಾತು ಖರೆ ಹೇಳವ್ವಾ. ಸುಳ್ಳು ಹೇಳಿದ್ದು ನಮ್ಮ ಬೀಗನೋ, ನೀನೋ?” ಎಂದು ಕೇಳಿದರು. ತಾತ ಹೇಳಿದಾಗ ಅದು ಸುಳ್ಳೇ ಇತ್ತು, ಆಮೇಲೆ ಎಲ್ಲರೂ ಸೇರಿ ಅದನ್ನು ಖರೆ ಮಾಡಿದರು ಎಂದೆ. “ಹಂಗಾದ್ರ ಮೊಮ್ಮಗಳ ಕಿವಿ ನೀನೇ ಚುಚ್ಚಬೇಕು. ಅಕ್ಕಸಾಲಿಗ ಬ್ಯಾಡ. ತೆಕ್ಕಲಕೋಟಿಗೆ ನಮ್ಮ ಜೋಡಿ ಬಾ” ಎಂದರು. ಏಳುವಾಗ ಮತ್ತೆ ತಿರುಗಿ, “ಆದ್ರ ಬೀಗನ್ನ ಮಾತ್ರ ಬಿಡಂಗಿಲ್ಲ” ಎಂದರು.

ಆದ್ದರಿಂದ ತಾತ, ನಾನೂ ಬರುತ್ತಿದ್ದೇನೆ. ಕೂಸಿಗೆ ಎರಡು ಕಿವಿ, ಎರಡೇ ತೂತು. ಐದಾಗುವುದಿಲ್ಲ ಎಂದು ಅಜ್ಜಿಗೆ ಧೈರ್ಯ ಹೇಳಿ. ಬೀಗರು ಕೂಗಾಡಿದರೆ ನೀವು ಅಂದು ಒಂದು ದಿನ ಹೆಸರಿಗೆ ತಕ್ಕಂತೆ ಇದ್ದುಬಿಡಿ, ನಿಮ್ಮ ಪರ ವಕಾಲತ್ತು ನನ್ನದು. ಐದು ವರ್ಷ ಓದಿ ನಾನು ಡಾಕ್ಟರಾದೆ ಎಂದು ಮಾರ್ಚಿನಲ್ಲಿ ಸರ್ಟಿಫಿಕೇಟ್ ಕೊಡುತ್ತಾರೆ. ಅದರ ಮೇಲೆ ಸಹಿ ಹಾಕುವವರು ಬಹಳ ದೊಡ್ಡವರು. ಆದರೆ ನಾನು ಡಾಕ್ಟರು ಎಂದು ಮೊದಲು ಹೇಳಿದವರು ನೀವು, ಅದೂ ನಾನಿನ್ನೂ ಆಗಿರದಿದ್ದಾಗ. ಆ ಉಪಕಾರಕ್ಕೆ ಏನು ಬರೆದರೂ ಕಡಿಮೆ. ಅಜ್ಜಿಯ ಪಾದಕ್ಕೆ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಕೈಗಳಿಗೆ ನಾನೇ ಬಂದು ಮಾಡುತ್ತೇನೆ.

ನಿಮ್ಮ ಸುಳ್ಳಿನ ಮಗಳು,
ಸೌಂದರ್ಯ

ತಾ.ಕ.: ಅವತ್ತು ಕೈ ತೊಳೆಯಲು ಹೊರಗೆ ಹೋದೆ ಎಂದು ಮೇಲೆ ಬರೆದಿದ್ದೇನೆ. ಹೋದದ್ದು ಈ ಡಾಕ್ಟರಿಕೆಯಿಂದಲೇ ಕೈ ತೊಳೆದುಕೊಳ್ಳಲು. ಮೆಟ್ಟಿಲ ಮೇಲೆ ಕೂತು ಅಪ್ಪನಿಗೆ ಫೋನ್ ಮಾಡಿ, “ನನ್ನ ಕೈಲೆ ಆಗಂಗಿಲ್ಲಪ್ಪ, ಕರ್ಕೊಂಡು ಹೋಗಾಕ ಬಾ” ಎಂದಿದ್ದೆ. ಅಪ್ಪ ಅಂಗಡಿ ಬಾಗಿಲು ಹಾಕಿ ಸ್ಕೂಟರಿನಲ್ಲಿ ಹೊರಟೂ ಬಿಟ್ಟಿದ್ದರು. ನಾನು ಚೀಲ ತರಲೆಂದು ವಾರ್ಡಿಗೆ ಬಂದಾಗ ನೀವು ಗಾದೆಪ್ಪನವರಿಗೆ ಆ ಮಾತು ಹೇಳುತ್ತಿದ್ದಿರಿ. ಸ್ವಲ್ಪ ಹೊತ್ತಿಗೆ ಅಪ್ಪ ಬಾಗಿಲಿಗೆ ಬಂದು, “ಬರ್ತೀಯೇನವ್ವಾ?” ಎಂದರು. “ಇವರೊಬ್ಬರ ರಕ್ತ ತಗೊಂಡು ಬಂದೆ, ನಿಂದ್ರು” ಎಂದೆ. ಅಪ್ಪ ಇವತ್ತಿಗೂ ಕೇಳುತ್ತಿರುತ್ತಾರೆ, “ಆತೇನವ್ವಾ, ಹೋಗೋಣೇನು?” ಎಂದು. ಇನ್ನೂ ಆಗಿಲ್ಲ, ತಾತ.